ಕೊರಳಿಗೆ ಎರಡು ದಾರಿ

ತಲೆಗೂ ಮುಂಡಕ್ಕೂ ನಡುವೆ ಗೇಣುದ್ದವೂ ಇಲ್ಲದ ಒಂದು ಅವಯವಕ್ಕೆ ಕನ್ನಡದಲ್ಲಿ ಹೆಸರುಗಳ ಬಡತನವಿಲ್ಲ. ಕೊರಳು, ಕತ್ತು, ಕುತ್ತಿಗೆ, ಗೋಣು, ಹೆಕ್ಕತ್ತು. ನಿಘಂಟನ್ನು ತೆರೆದರೆ ಒಂದರ ಅರ್ಥಕ್ಕೆ ಇನ್ನೊಂದನ್ನು ಬರೆದಿರುತ್ತಾರೆ. ಬಳಕೆಯಲ್ಲಿ ಮಾತ್ರ ಇವು ಒಂದೇ ಅಲ್ಲ. ಹಾರ ಬೀಳುವುದು ಕೊರಳಿಗೆ. ಇಂಪಾದ ದನಿ ಹೊರಡುವುದೂ ಕೊರಳಿನಿಂದಲೇ. ಹೊರಗೆ ದಬ್ಬಬೇಕಾದವನನ್ನು ಕತ್ತು ಹಿಡಿದು ದಬ್ಬುತ್ತೇವೆ, ಕೊರಳು ಹಿಡಿದಲ್ಲ. ಒಪ್ಪಿಗೆ ಸೂಚಿಸುವವನು ಗೋಣು ಆಡಿಸುತ್ತಾನೆ. ಹೊರೆ ಹೊತ್ತವನಿಗೆ ನೋಯುವುದು ಹೆಕ್ಕತ್ತು. ಮುಂಬದಿಗೆ ಒಂದು ಮಾತು, ಹಿಂಬದಿಗೆ ಒಂದು ಮಾತು. ಈ ವ್ಯತ್ಯಾಸವೆಲ್ಲ ತರಗತಿಯಲ್ಲಿ ಹತ್ತು ನಿಮಿಷ ಕಳೆಯಲು ಸಲ್ಲುವ ಸರಕೆಂದು ನಾನು ಬಹುಕಾಲ ತಿಳಿದಿದ್ದೆ. 2023ರ ಆರಂಭದಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ, ಅದು ಒಬ್ಬರ ಬದುಕಿನ ಪ್ರಶ್ನೆಯಾಗಿ ಎದುರು ನಿಂತಿತು. ಶಸ್ತ್ರವೈದ್ಯರು ಮುಂದಿನಿಂದ ಹೋಗಬೇಕೆ, ಹಿಂದಿನಿಂದ ಹೋಗಬೇಕೆ?

ನನ್ನ ಸೋದರಮಾವನವರು ಹಿರಿಯೂರು ತಾಲೂಕಿನ ಬಯಲು ಸೀಮೆಯ ಒಂದು ಹಳ್ಳಿಯಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದು, ನಿವೃತ್ತರಾದ ಮೇಲೆ ಹೊಸದುರ್ಗದಲ್ಲಿ ಮಗನ ಮನೆಯಲ್ಲಿ ನೆಲಸಿದವರು. ಗಮಕಿಗಳು. ಶ್ರಾವಣ ಮಾಸದಲ್ಲಿ ಅವರು ದೇವಸ್ಥಾನದಲ್ಲಿ ಕುಮಾರವ್ಯಾಸನ ಭಾರತವನ್ನು ವಾಚಿಸುತ್ತಿದ್ದರೆ ಅಂಗಡಿಯ ಬಾಗಿಲೆಳೆದು ಬಂದು ಕೂರುವವರಿದ್ದರು. ಮೊಬೈಲ್ ಫೋನಿನ ಕಾಲದಲ್ಲಿಯೂ ಕಾಗದ ಬರೆಯುವ ಅಭ್ಯಾಸವನ್ನು ಬಿಡದವರು. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ತರುವಾಯ ಮೊದಲ ಬಾರಿಗೆ ಕೋಡಿ ಬಿದ್ದಾಗ, ಆ ಸಂಭ್ರಮವನ್ನು ವರ್ಣಿಸಿ ದುರ್ಗದಲ್ಲಿದ್ದ ನನಗೊಂದು ಕಾಗದ ಬರೆದರು. ಸುದ್ದಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅಕ್ಷರ. ನೂರಾರು ಮಕ್ಕಳಿಗೆ ದುಂಡಗೆ ಬರೆಯುವುದನ್ನು ಕಲಿಸಿದ ಕೈ ಅದು. ‘ಳ’ಕಾರದ ಸುತ್ತು ಕೂಡಿರಲಿಲ್ಲ; ಒತ್ತಕ್ಷರಗಳು ಗೆರೆ ತಪ್ಪಿ ಕೆಳಗೆ ಜಾರಿದ್ದವು. ಸಹಿಯನ್ನು ಯಾರೋ ಅಲ್ಲಾಡುವ ಬಸ್ಸಿನಲ್ಲಿ ಕೂತು ಹಾಕಿದಂತಿತ್ತು.

ವಿಚಾರಿಸಿದರೆ, “ವಯಸ್ಸಾಗಲಿಲ್ಲವೇನಯ್ಯ” ಎಂದು ನಕ್ಕರು. ಅತ್ತೆ ನಗಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಹಿಡಿಯುತ್ತದೆ, ಲೋಟ ಕೈಜಾರುತ್ತದೆ, ಕತ್ತಲಲ್ಲಿ ನಡೆದರೆ ತೂರಾಡುತ್ತಾರೆ ಎಂದು ಒಂದೊಂದಾಗಿ ಹೇಳಿದರು. ಕಾಲಡಿ ಹತ್ತಿ ಹಾಸಿದಂತಿದೆಯೆಂದು ಮಾವನವರು ಆಗ ಒಪ್ಪಿಕೊಂಡರು. ಒಂದೂವರೆ ವರ್ಷದಿಂದ ಮೊಣಕಾಲಿನ ಸವೆತವೆಂದು ಒಂದು ಕಡೆ, ವಾತವೆಂದು ಇನ್ನೊಂದು ಕಡೆ ಔಷಧಿ ನಡೆದಿತ್ತು. ಕುತ್ತಿಗೆಯನ್ನು ಯಾರೂ ಮುಟ್ಟಿ ನೋಡಿರಲಿಲ್ಲ. ಏತಕ್ಕೆಂದರೆ ಅಲ್ಲಿ ನೋವೇ ಇರಲಿಲ್ಲ. ಈ ರೋಗದ ಮೋಸ ಇಲ್ಲಿಯೇ ಇದೆ. ಕೆಡುವುದು ಕುತ್ತಿಗೆಯಲ್ಲಿ, ದೂರು ಹೇಳುವುದು ಬೆರಳು ಮತ್ತು ಪಾದ.

ಕುತ್ತಿಗೆಯಲ್ಲಿ ಏಳು ಕಶೇರುಮಣಿಗಳು. ಅವುಗಳ ನಡುವೆ ಡಿಸ್ಕ್ ಎಂದು ಈಗ ಎಲ್ಲರ ಬಾಯಲ್ಲಿರುವ ಮೆತ್ತೆಗಳು. ಮಣಿಗಳ ಹಿಂಬದಿಯಲ್ಲಿ ಒಂದು ನಾಳ. ಅದರೊಳಗೆ ಮಿದುಳಿನಿಂದ ಇಳಿದು ಬರುವ ಬೆನ್ನುಹುರಿ. ಈ ನಾಳ ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರು ಅಗಲವಿರುತ್ತದೆ. 13ಕ್ಕಿಂತ ಕಡಮೆಯಾದರೆ ಇಕ್ಕಟ್ಟು. ಸಣ್ಣ ಬೆರಳಿನಷ್ಟೂ ದಪ್ಪವಿಲ್ಲದ ಆ ಹುರಿಯ ಮೂಲಕ ಕೈ, ಕಾಲು, ಮೂತ್ರಕೋಶಗಳಿಗೆ ಹೋಗಬೇಕಾದ ಅಪ್ಪಣೆಯೂ ಅಲ್ಲಿಂದ ಬರಬೇಕಾದ ವಾರ್ತೆಯೂ ಸಾಗುತ್ತವೆ. ವಯಸ್ಸಿನೊಡನೆ ಮೆತ್ತೆಗಳು ಒಣಗಿ ಉಬ್ಬುತ್ತವೆ, ಮಣಿಗಳ ಅಂಚಿನಲ್ಲಿ ಮೂಳೆಯ ಮೊಳಕೆಗಳು ಏಳುತ್ತವೆ, ಹಿಂಬದಿಯ ಅಸ್ಥಿಬಂಧಗಳು ದಪ್ಪವಾಗುತ್ತವೆ. ಇವೆಲ್ಲ ಕೂಡಿ ಹುರಿಯನ್ನು ಅದುಮುತ್ತವೆ. ಲಂಡನ್ನಿನ ವೈದ್ಯ ರಸೆಲ್ ಬ್ರೇನ್ ಮತ್ತು ಅವರ ಸಂಗಡಿಗರು 1952ರಲ್ಲಿ ಇದನ್ನು ವಿವರವಾಗಿ ಬರೆದ ಮೇಲೆ, ‘ಮುಪ್ಪಿನ ನಡುಕ’ವೆಂದು ಕೈಬಿಡಲಾಗುತ್ತಿದ್ದ ಅನೇಕರ ಕಾಲುಗಳ ರೋಗಮೂಲ ಕತ್ತಿನಲ್ಲಿದೆಯೆಂದು ಲೋಕಕ್ಕೆ ತಿಳಿಯಿತು.

ಪತ್ತೆ ಮಾಡುವುದು ಕಷ್ಟವೂ ಅಲ್ಲ. ಹತ್ತು ಸೆಕೆಂಡಿನಲ್ಲಿ ಮುಷ್ಟಿಯನ್ನು ಎಷ್ಟು ಸಲ ಬಿಗಿದು ಬಿಡಿಸಬಲ್ಲಿರಿ? ಆರೋಗ್ಯವಂತರು ಇಪ್ಪತ್ತು ಸಲ ಮಾಡುತ್ತಾರೆ. ಮಾವನವರು ಹನ್ನೊಂದಕ್ಕೆ ನಿಂತರು. ಬೆಂಗಳೂರಿನ ವೈದ್ಯರು ಮೊದಲ ಭೇಟಿಯಲ್ಲಿ ಮಾಡಿಸಿದ್ದು ಇದನ್ನೇ; ಎಂ.ಆರ್.ಐ. ಆ ಮೇಲೆ. ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರೆ ಕಾಲು ಬೇಡದಷ್ಟು ಚಿಮ್ಮಿತು. ಪಾದದ ಅಡಿಯನ್ನು ಗೀರಿದರೆ ಹೆಬ್ಬೆರಳು ಕೆಳಗೆ ಬಾಗುವ ಬದಲು ಮೇಲೆದ್ದಿತು. ಒಂದೂವರೆ ವರ್ಷ ಮೊಣಕಾಲಿಗೆ ಎಣ್ಣೆ ತಿಕ್ಕುವ ಮೊದಲು ಯಾರಾದರೂ ಈ ಎರಡು ನಿಮಿಷದ ಕೆಲಸವನ್ನು ಮಾಡಬಾರದಿತ್ತೆ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ. ಪ್ರಸಂಗವಶಾತ್ ಇನ್ನೊಂದು ಮಾತು: ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಫಕ್ಕನೆ ತಿರುಗಿಸಿ ನೆಟಿಕೆ ತೆಗೆಸಿಕೊಳ್ಳುವ ಸುಖವನ್ನು ನಮ್ಮ ಕಡೆ ಅನೇಕರು ಬಲ್ಲರು. ನಾಳ ಇಕ್ಕಟ್ಟಾದವರ ಪಾಲಿಗೆ ಅದು ಅಪಾಯದ ಆಟ.

ಎಂ.ಆರ್.ಐ. ಜೊತೆಗೆ ಸಿ.ಟಿ. ಚಿತ್ರವನ್ನೂ ತೆಗೆಸಿದರು. ಅದನ್ನು ನೋಡಿದ ವೈದ್ಯರು ಕುತ್ತಿಗೆಯ ವಿಚಾರವನ್ನು ಬಿಟ್ಟು, “ಯಜಮಾನರೇ, ಎಷ್ಟು ವರ್ಷ ಕೊಳವೆ ಬಾವಿಯ ನೀರು ಕುಡಿದಿರಿ?” ಎಂದು ಕೇಳಿದರು. ಬಳಿಕ ಮುಂಗೈಯ ಎಕ್ಸ್‌ರೇ ಒಂದನ್ನು ತೆಗೆಸಿದರು. ಮುಂಗೈಯ ಎರಡು ಮೂಳೆಗಳ ನಡುವಿನ ತೆಳುಪರೆ ಸುಣ್ಣಗಟ್ಟಿ ಬೆಳ್ಳಗೆ ಕಾಣುತ್ತಿತ್ತು.

ಫ್ಲೋರೈಡಿನ ಗುರುತು ಅದು. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಮಿತಿ ಮೀರಿದೆಯೆಂಬುದು ಹೊಸ ಸುದ್ದಿಯಲ್ಲ. ಲೀಟರಿಗೆ 1.5 ಮಿಲಿಗ್ರಾಮಿಗೆ ಮೇಲೆ ಇರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಮ್ಮ ದೇಶದ ಮಾನಕದಲ್ಲಿ 1 ಮಿಲಿಗ್ರಾಮೇ ಒಪ್ಪತಕ್ಕ ಮಿತಿ, ಬೇರೆ ನೀರು ಸಿಕ್ಕದಿದ್ದಲ್ಲಿ ಮಾತ್ರ 1.5. ಕೆರೆಬಾವಿಗಳು ಬತ್ತಿದ ಮೇಲೆ ಬಂಡೆಯನ್ನು ಆಳಕ್ಕೆ ಕೊರೆದು ತೆಗೆದ ನೀರು, ಬಂಡೆಯೊಳಗಿನ ಖನಿಜವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಹಲ್ಲಿನ ಕಂದು ಕಲೆಯನ್ನು ನಾವೆಲ್ಲ ಕಂಡಿದ್ದೇವೆ. ಶಾಲಾ ಮಕ್ಕಳ ನಗೆಯಲ್ಲಿಯೇ ಅದು ಕಾಣುತ್ತದೆ. ಮೂಳೆಯೊಳಗೆ ನಡೆಯುವುದನ್ನು ಕಾಣುವವರು ಕಡಮೆ. ವರ್ಷಾನುಗಟ್ಟಲೆ ಕುಡಿದವರಲ್ಲಿ ಕೆಲವರ ಮೂಳೆಗಳು ದಟ್ಟವಾಗುತ್ತವೆ, ಮೂಳೆಗಳನ್ನು ಕಟ್ಟಿರುವ ಅಸ್ಥಿಬಂಧಗಳೇ ಮೂಳೆಯಾಗುತ್ತವೆ. ಭಾರತದಲ್ಲಿ ಇದನ್ನು ಮೊದಲು ಕಂಡವರು ವೈದ್ಯರಲ್ಲ, ನೆಲ್ಲೂರು ಜಿಲ್ಲೆಯ ರೈತರು. 1930ರ ದಶಕದಲ್ಲಿ ತಮ್ಮ ಎತ್ತುಗಳು ಕೀಲು ಬಿಗಿದು ನಡೆಯಲಾರದೆ ನಿಂತುದನ್ನು ಅವರು ಗಮನಿಸಿದರು. 1937ರಲ್ಲಿ ಅದೇ ಪ್ರದೇಶದ ಮನುಷ್ಯರಲ್ಲಿ ಈ ರೋಗವನ್ನು ಕುರಿತ ವರದಿ ಪ್ರಕಟವಾಯಿತು. ಎತ್ತಿನ ಕಾಲಿಗೆ ಬಂದದ್ದು ಮನುಷ್ಯನ ಕತ್ತಿಗೂ ಬರುತ್ತದೆಂಬುದು ಹೀಗೆ ತಿಳಿದ ಸಂಗತಿ.

ಮಾವನವರ ಕುತ್ತಿಗೆಯಲ್ಲಿ ಆದದ್ದು ಇದೇ. ನಾಳದ ಮುಂಗೋಡೆಗೆ ಅಂಟಿಕೊಂಡು ಮೇಲಿಂದ ಕೆಳಕ್ಕೆ ಇಳಿಯುವ ಅಸ್ಥಿಬಂಧ ನಾಲ್ಕು ಮಣಿಗಳ ಉದ್ದಕ್ಕೂ ಗಟ್ಟಿ ಮೂಳೆಯಾಗಿ, ಹುರಿಯನ್ನು ಹಿಂದಿನ ಗೋಡೆಗೆ ಒತ್ತಿ ನಿಂತಿತ್ತು. ನೀರಿನ ದೋಷವಿಲ್ಲದ ದೇಶಗಳಲ್ಲಿಯೂ ಈ ಮೂಳೆಗಟ್ಟುವಿಕೆ ಉಂಟು. ಜಪಾನಿನಲ್ಲಿ ಅದು ಹೆಚ್ಚಾಗಿ ಕಂಡುದರಿಂದ ಒಂದು ಕಾಲಕ್ಕೆ ‘ಜಪಾನಿನ ರೋಗ’ವೆಂದೇ ಹೆಸರಾಗಿತ್ತು. ಶಸ್ತ್ರಕ್ರಿಯೆ ಬೇಕೆಂಬುದರಲ್ಲಿ ನಾವು ಕಂಡ ಇಬ್ಬರು ವೈದ್ಯರಿಗೂ ಸಂದೇಹವಿರಲಿಲ್ಲ. ಅದುಮಿದ ಹುರಿ ಹೆಚ್ಚು ಕಾಲ ಕಾಯುವುದಿಲ್ಲ. ಕಳೆದುಕೊಂಡುದನ್ನು ಪೂರ್ತಿಯಾಗಿ ಹಿಂದಕ್ಕೆ ಕೊಡುವುದೂ ಇಲ್ಲ. ಆದರೆ ಮೊದಲನೆಯವರು ಮುಂದಿನಿಂದ ಹೋಗಬೇಕೆಂದರು. ಎರಡನೆಯವರು ಹಿಂದಿನಿಂದ ಎಂದರು.

ಮನೆಯಲ್ಲಿ ಕೋಲಾಹಲವೆದ್ದಿತು. ಇಬ್ಬರಲ್ಲಿ ಒಬ್ಬರಿಗೆ ತಿಳಿಯದು ಎಂದರು ಕೆಲವರು. ತಿಳಿದೂ ಹಣಕ್ಕಾಗಿ ಹೇಳುತ್ತಾರೆ ಎಂದರು ಮತ್ತೆ ಕೆಲವರು. ಎರಡೂ ತಪ್ಪು ಊಹೆಯೆಂದು ಈಗ ನನಗೆ ತಿಳಿದಿದೆ. ಆದರೆ ಅಂದು ನನಗೂ ರಾತ್ರಿ ನಿದ್ರೆ ಬಂದಿರಲಿಲ್ಲ.

ಮುಂದಿನ ದಾರಿ ತರ್ಕಕ್ಕೆ ನೇರವಾದುದು. ಅದುಮುವ ವಸ್ತು ಮುಂದೆ ಇದೆ. ಮುಂದಿನಿಂದ ಹೋಗಿ ಅದನ್ನೇ ತೆಗೆದುಹಾಕುವುದು. ಬಾಲ್ಟಿಮೋರಿನ ರಾಬಿನ್‌ಸನ್ ಮತ್ತು ಸ್ಮಿತ್ 1955ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಹೊನೊಲುಲುವಿನ ಕ್ಲೋವರ್ಡ್ 1958ರಲ್ಲಿ ತಮ್ಮದೊಂದು ಕ್ರಮವನ್ನು ಸೇರಿಸಿದರು. ಕೊರಳಿನ ಪಕ್ಕದಲ್ಲಿ ಚರ್ಮವನ್ನು ಸೀಳಿ, ತಲೆಗೆ ರಕ್ತ ಒಯ್ಯುವ ದೊಡ್ಡ ಧಮನಿಯನ್ನು ಒಂದು ಬದಿಗೆ, ಅನ್ನನಾಳ ಶ್ವಾಸನಾಳಗಳನ್ನು ಇನ್ನೊಂದು ಬದಿಗೆ ಸರಿಸಿದರೆ ಮಣಿಗಳ ಮುಂಭಾಗ ತೆರೆದುಕೊಳ್ಳುತ್ತದೆ. ದೊಡ್ಡ ಸ್ನಾಯುಗಳನ್ನು ಕತ್ತರಿಸಬೇಕಾಗಿಯೇ ಇಲ್ಲ. ದಾರಿ ಮೊದಲೇ ಇದೆ. ದುರ್ಗದವನಾದ ನನಗೆ ಓಬವ್ವನ ಕಿಂಡಿಯ ನೆನಪಾದುದು ಆಶ್ಚರ್ಯವಲ್ಲ. ಏಳು ಸುತ್ತಿನ ಕೋಟೆಗೂ ಗೋಡೆ ಒಡೆಯದೆ ನುಸುಳುವ ಒಂದು ಸಂದು ಇದ್ದೇ ಇರುತ್ತದೆ. ಕೆಟ್ಟ ಮೆತ್ತೆಯನ್ನು ತೆಗೆದು, ಆ ಜಾಗಕ್ಕೆ ಹಿಂದೆ ಸೊಂಟದ ಮೂಳೆಯ ತುಂಡನ್ನೂ ಈಗ ಹೆಚ್ಚಾಗಿ ತಯಾರಿಸಿದ ಪಂಜರದಂಥ ಸಾಧನವನ್ನೂ ಇಟ್ಟು, ಮಣಿಗಳನ್ನು ಬೆಸೆಯುತ್ತಾರೆ.

ಒಂದೆರಡು ಅಂತಸ್ತಿನ ತೊಂದರೆಗೆ ಇದಕ್ಕಿಂತ ಒಳ್ಳೆಯ ದಾರಿ ವಿರಳ. ಹೊಳಲ್ಕೆರೆ ಕಡೆಯ ಅಡಕೆ ತೋಟದ ತರುಣನೊಬ್ಬ ಅದೇ ವಾರ್ಡಿನಲ್ಲಿದ್ದ. ಮರದಿಂದ ಜಾರಿ ಬಿದ್ದು ಒಂದೇ ಒಂದು ಮೆತ್ತೆ ಸಿಡಿದು ಹುರಿಗೆ ಒತ್ತಿತ್ತು. ಮುಂದಿನಿಂದ ಮಾಡಿದರು. ಮೂರನೆಯ ದಿನ ಕೊರಳಿಗೆ ಪಟ್ಟಿ ಕಟ್ಟಿಕೊಂಡು, ಗಂಜಿ ಕುಡಿದು, ಊರಿಗೆ ಹೊರಟ. ಅವನನ್ನು ನೋಡಿ ನಮ್ಮ ಕಡೆಯವರಿಗೆ ಮುಂದಿನ ದಾರಿಯ ಮೇಲೆ ನಂಬಿಕೆ ಹುಟ್ಟಿದ್ದು ಸಹಜ. ಆದರೆ ಅವನದು ಒಂದು ಮೆತ್ತೆ, ಮಾವನವರದು ನಾಲ್ಕು ಮಣಿಗಳ ಉದ್ದದ ಕಲ್ಲು. ಅಂತಸ್ತು ಹೆಚ್ಚಿದಷ್ಟೂ ಮುಂದಿನ ದಾರಿಯ ಸುಂಕ ಏರುತ್ತದೆ. ಅನ್ನನಾಳವನ್ನು ಹೆಚ್ಚು ಹೊತ್ತು ಎಳೆದು ಹಿಡಿಯಬೇಕು, ನುಂಗುವುದು ಕಷ್ಟವಾಗಬಹುದು. ಧ್ವನಿಪೆಟ್ಟಿಗೆಗೆ ಹೋಗುವ ನರ ಅದೇ ಸಂದಿನಲ್ಲಿ ಹಾದುಹೋಗುತ್ತದೆ, ದನಿ ಒಡೆಯಬಹುದು. ಉದ್ದನೆಯ ಬೆಸುಗೆ ಕೂಡದೆ ಹೋಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಮೂಳೆಯಾದ ಅಸ್ಥಿಬಂಧ ಹುರಿಯ ಹೊದಿಕೆಗೇ ಬೆಸೆದುಕೊಂಡಿದ್ದರೆ, ಅದನ್ನು ಬಿಡಿಸುವಾಗ ಹೊದಿಕೆ ಹರಿದು ಒಳಗಿನ ದ್ರವ ಸೋರುವ ಭಯ.

ಹಿಂದಿನ ದಾರಿ ಹೆಚ್ಚು ಹಳೆಯದು. ಹೆಕ್ಕತ್ತಿನ ಸ್ನಾಯುಗಳನ್ನು ಬಿಡಿಸಿ, ನಾಳದ ಮೇಲ್ಚಾವಣಿಯಂತಿರುವ ಮೂಳೆಯ ಕಮಾನುಗಳನ್ನು ತೆಗೆದುಬಿಡುವುದು. ಅದುಮುವ ವಸ್ತು ಮುಂದೆ ಹಾಗೆಯೇ ಉಳಿಯುತ್ತದೆ. ಹುರಿಗೆ ಹಿಂದೆ ಸರಿಯಲು ಜಾಗ ಸಿಕ್ಕುತ್ತದೆ, ಅಷ್ಟೆ. ಕಳ್ಳನನ್ನು ಹಿಡಿಯದೆ ಮನೆಯ ಹಿತ್ತಿಲ ಬಾಗಿಲು ತೆರೆದುಕೊಟ್ಟ ಹಾಗಾಯಿತಲ್ಲ ಎಂದು ನಾನು ಕೇಳಿದೆ. ವೈದ್ಯರು ನಕ್ಕು, “ಉಸಿರು ಕಟ್ಟಿದವನಿಗೆ ಮೊದಲು ಬಾಗಿಲೇ ಬೇಕಲ್ಲವೆ?” ಎಂದರು. ಆದರೆ ಚಾವಣಿಯನ್ನು ಪೂರ್ತಿ ತೆಗೆದರೆ ಕತ್ತು ಕಾಲಕ್ರಮದಲ್ಲಿ ಮುಂದಕ್ಕೆ ಕುಸಿಯುವುದುಂಟು. ಇದಕ್ಕೆ ಪರಿಹಾರವಾಗಿ ಕೆಲವರು ತಿರುಪು ಮತ್ತು ಸರಳುಗಳಿಂದ ಮಣಿಗಳನ್ನು ಬಿಗಿದರು. ಜಪಾನಿನವರು ಬೇರೆಯ ಉಪಾಯ ಹುಡುಕಿದರು. 1977ರಲ್ಲಿ ಹಿರಬಾಯಾಶಿಯವರು ಕಮಾನುಗಳನ್ನು ಕಿತ್ತೆಸೆಯದೆ, ಒಂದು ಬದಿಯನ್ನು ಕತ್ತರಿಸಿ ಇನ್ನೊಂದು ಬದಿಯನ್ನು ಕೀಲಿನಂತೆ ಉಳಿಸಿ, ಬಾಗಿಲು ತೆರೆದ ಹಾಗೆ ತೆರೆದು ನಿಲ್ಲಿಸಿದರು. ನಾಳ ಅಗಲವಾಯಿತು, ಮೂಳೆಯೂ ಉಳಿಯಿತು, ಕತ್ತಿನ ಅಲುಗಾಟವೂ ಸಾಕಷ್ಟು ಉಳಿಯಿತು.

ಈ ಉಪಾಯಕ್ಕೆ ಒಂದು ಷರತ್ತಿದೆ. ಆರೋಗ್ಯವಾದ ಕುತ್ತಿಗೆ ಮುಂದಕ್ಕೆ ಉಬ್ಬಿದ ಬಿಲ್ಲು. ಹುರಿಯನ್ನು ಅದರ ಹೆದೆ ಎಂದುಕೊಳ್ಳಿ. ಹಿಂದಿನ ಚಾವಣಿ ತೆರೆದೊಡನೆ ಹೆದೆ ತಾನಾಗಿ ಹಿಂದಕ್ಕೆ ಸರಿದು ನಿಲ್ಲುತ್ತದೆ. ಬಿಲ್ಲೇ ತಿರುವುಮುರುವಾಗಿ ಹಿಂದಕ್ಕೆ ಬಾಗಿದ್ದರೆ, ಚಾವಣಿ ತೆಗೆದರೂ ಹುರಿ ಮುಂದಿನ ಉಬ್ಬಿನ ಮೇಲೆಯೇ ಬಿಗಿದುಕೊಂಡಿರುತ್ತದೆ. ಅಂಥವರಿಗೆ ಹಿಂದಿನ ದಾರಿ ವ್ಯರ್ಥ. ಇದನ್ನು ಅಳೆಯಲು 2008ರಲ್ಲಿ ಜಪಾನಿನ ವೈದ್ಯರೇ ಒಂದು ಸರಳ ಗೆರೆಯನ್ನು ಸೂಚಿಸಿದರು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಎರಡನೆಯ ಮಣಿಯ ನಾಳದ ನಡುಬಿಂದುವಿನಿಂದ ಏಳನೆಯ ಮಣಿಯ ನಾಳದ ನಡುಬಿಂದುವಿಗೆ ಒಂದು ಗೆರೆ. ಮೂಳೆಗಟ್ಟಿದ ಭಾಗ ಆ ಗೆರೆಯನ್ನು ದಾಟದಿದ್ದರೆ ಹಿಂದಿನಿಂದ ಹೋಗಬಹುದು. ದಾಟಿದ್ದರೆ ಹಿಂದಿನಿಂದ ಮಾತ್ರ ಮಾಡಿದ ಕೆಲಸದಿಂದ ಹೆಚ್ಚು ಗುಣ ಕಾಣದು. ಎರಡನೆಯ ವೈದ್ಯರು ನಮ್ಮೆದುರಿಗೇ ಗಣಕದ ಪರದೆಯ ಮೇಲೆ ಆ ಗೆರೆಯನ್ನೆಳೆದು ತೋರಿಸಿದರು. ಮಾವನವರ ಕುತ್ತಿಗೆಯ ಬಿಲ್ಲು ಕೆಟ್ಟಿರಲಿಲ್ಲ. ಮೂಳೆ ಗೆರೆಯ ಹತ್ತಿರ ಬಂದಿತ್ತು, ದಾಟಿರಲಿಲ್ಲ. ವ್ಯಾಕರಣದಲ್ಲಿ ನಿಯಮ ತಿಳಿದ ಮೇಲೆ ಸಂಧಿ ಬಿಡಿಸುವಾಗ ಆಗುವಂಥ ಒಂದು ಸಮಾಧಾನ ನನಗೆ ಆಗ ಆಯಿತು.

ಎರಡೂ ದಾರಿ ತೆರೆದಿರುವ ರೋಗಿಗಳಲ್ಲಿ ಯಾವುದು ಮೇಲು? ಈ ಪ್ರಶ್ನೆಗೆ ಉತ್ತರ ಹುಡುಕುವ ಒಂದು ದೊಡ್ಡ ಪರೀಕ್ಷೆ ಉತ್ತರ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾಯಿತು. 163 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿದರು. ವರ್ಷದ ಕೊನೆಗೆ ದೈಹಿಕ ಸುಧಾರಣೆಯಲ್ಲಿ ಗಣ್ಯವಾದ ಅಂತರ ಕಾಣಲಿಲ್ಲ. ಸುಂಕದ ಬಗೆ ಮಾತ್ರ ಬೇರೆಯಾಗಿತ್ತು. ನುಂಗುವ ತೊಂದರೆ ಮುಂದಿನ ದಾರಿಯವರಲ್ಲಿ ನೂರಕ್ಕೆ 41, ಹಿಂದಿನವರಲ್ಲಿ ಸೊನ್ನೆ. ಹೊಸದಾಗಿ ನರದ ದೌರ್ಬಲ್ಯ ಕಂಡದ್ದು ಮುಂದಿನವರಲ್ಲಿ ನೂರಕ್ಕೆ 2, ಹಿಂದಿನವರಲ್ಲಿ 9. ಇಲ್ಲಿ ನಮ್ಮ ಜಿಲ್ಲೆಯವರು ಗಮನಿಸಬೇಕಾದುದೊಂದಿದೆ. ಅಸ್ಥಿಬಂಧ ದೊಡ್ಡದಾಗಿ ಮೂಳೆಗಟ್ಟಿದವರನ್ನು ಆ ಪರೀಕ್ಷೆಗೆ ಸೇರಿಸಿಕೊಂಡೇ ಇರಲಿಲ್ಲ. ಅಂದರೆ ಬಯಲು ಸೀಮೆಯ ಬೋರು ನೀರು ಕುಡಿದ ಕತ್ತುಗಳ ವಿಚಾರವನ್ನು ಆ ಅಂಕಿಗಳು ನೇರವಾಗಿ ಹೇಳುವುದಿಲ್ಲ. ದೂರದ ಊರಿನ ಪುಸ್ತಕವನ್ನು ನಮ್ಮ ಊರಿನ ರೋಗಿಯ ಮೇಲೆ ಹಾಸುವಾಗ ಒಳ್ಳೆಯ ವೈದ್ಯನು ಅಂಚುಗಳನ್ನು ನೋಡಿಕೊಳ್ಳುತ್ತಾನೆ.

ಇಷ್ಟೆಲ್ಲ ಆಗುವವರೆಗೆ ಮಾವನವರು ಬಾಯಿ ತೆರೆದಿರಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: “ಡಾಕ್ಟರೇ, ಮುಂದಿನಿಂದ ಕೊಯ್ದರೆ ನನ್ನ ದನಿ ಏನಾಗುತ್ತದೆ?”

ಎರಡು ಆಸ್ಪತ್ರೆಗಳಲ್ಲಿ, ಹತ್ತಾರು ಕಾಗದಗಳಲ್ಲಿ, ಈ ಮನುಷ್ಯ ಗಮಕಿಯೆಂಬುದನ್ನು ಯಾರೂ ಬರೆದುಕೊಂಡಿರಲಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವೂ ಇದ್ದವು. ನಾನೂ ಹೇಳಿರಲಿಲ್ಲ, ಅದು ವೈದ್ಯರಿಗೆ ಬೇಕಾದ ಸಂಗತಿಯೆಂದು ನನಗೆ ಹೊಳೆದಿರಲಿಲ್ಲ. ವೈದ್ಯರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು. ಮುಂದಿನ ದಾರಿಯಲ್ಲಿ ದನಿ ಒಡೆದರೂ ಹೆಚ್ಚಿನವರಿಗೆ ವಾರಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ಹಿಂದಿನಿಂದ ಮಾಡಿದರೂ ಅರಿವಳಿಕೆಗಾಗಿ ಗಂಟಲಲ್ಲಿ ನಳಿಗೆ ಇಳಿಸುವುದರಿಂದ ಸ್ವಲ್ಪ ದಿನ ಒರಟಾಗಬಹುದು. ಹಿಂದಿನ ದಾರಿಯ ಸುಂಕ ಬೇರೆ: ಹೆಕ್ಕತ್ತಿನ ನೋವು ತಿಂಗಳುಗಟ್ಟಲೆ ಉಳಿಯಬಹುದು, ತೋಳನ್ನು ಮೇಲೆತ್ತುವ ನರ ಮುನಿಸಿಕೊಂಡು ಕೈ ಏಳದೆ ಹೋಗಬಹುದು, ಅದೂ ಬಹುಮಟ್ಟಿಗೆ ಹಿಂದಿರುಗುತ್ತದೆ. “ನಿಮ್ಮ ಚಿತ್ರ ನೋಡಿದರೆ ನಾನು ಹಿಂದಿನಿಂದಲೇ ಎನ್ನುತ್ತೇನೆ. ದನಿಗಾಗಿ ಅಲ್ಲ, ಆ ನಾಲ್ಕು ಮಣಿಗಳಿಗಾಗಿ. ಗೆರೆ ದಾಟಿದ್ದರೆ, ದನಿ ಹೋದರೂ ಹೋಗಲಿ ಮುಂದಿನಿಂದಲೇ ಮಾಡೋಣ ಎಂದು ನಿಮ್ಮನ್ನು ಒಪ್ಪಿಸಬೇಕಾಗುತ್ತಿತ್ತು.”

ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕತ್ತು ಕೊಡುತ್ತೇನೆ, ಕೊರಳು ಉಳಿಸಿಕೊಳ್ಳುತ್ತೇನೆ” ಎಂದರು. ವೈದ್ಯರಿಗೆ ಮಾತಿನ ಅರ್ಥ ಪೂರ್ತಿ ಆಯಿತೋ ಇಲ್ಲವೋ ತಿಳಿಯೆ. ನನಗೆ ಆಯಿತು. ನಿಘಂಟಿನಲ್ಲಿ ಸಮಾನಾರ್ಥಕವೆಂದು ಬರೆದಿರುವ ಎರಡು ಶಬ್ದಗಳ ನಡುವೆ ಅಷ್ಟು ಅಂತರವಿರುವುದನ್ನು ನಾನು ಇಪ್ಪತ್ತು ವರ್ಷ ಪಾಠ ಹೇಳಿಯೂ ಕಂಡಿರಲಿಲ್ಲ.

ಶಸ್ತ್ರಕ್ರಿಯೆ ಐದು ಗಂಟೆ ನಡೆಯಿತು. ಮೂರನೆಯ ದಿನ ಬಲಗೈ ಭುಜದಿಂದ ಮೇಲೇಳಲಿಲ್ಲ; ವೈದ್ಯರು ಮೊದಲೇ ಹೇಳಿದ್ದ ಸುಂಕ. ಹೇಳಿದ್ದರೂ ಮನೆಯವರಿಗೆ ಎದೆಯೊಡೆಯಿತು. ನಾಲ್ಕು ತಿಂಗಳ ಅಂಗಸಾಧನೆಯ ಮೇಲೆ ಕೈ ತಲೆಯವರೆಗೆ ಏರಿತು. ನಡಿಗೆ ಬಹಳ ಸುಧಾರಿಸಿದೆ. ಸಂಜೆ ಹೊಸದುರ್ಗದ ಬಸ್ ನಿಲ್ದಾಣದವರೆಗೆ ಹೋಗಿ ಪತ್ರಿಕೆ ತರುತ್ತಾರೆ. ಬೆರಳುಗಳು ಅಷ್ಟಾಗಿ ಒಪ್ಪಿಲ್ಲ. ಕಳೆದುಹೋದ ಒಂದೂವರೆ ವರ್ಷವನ್ನು ಅವು ಮರೆತಿಲ್ಲ. ಮುಷ್ಟಿಯ ಎಣಿಕೆ ಹದಿನಾರಕ್ಕೆ ಬಂದು ನಿಂತಿದೆ. ಕಾಗದ ಬರೆಯುತ್ತಾರೆ, ‘ಳ’ಕಾರ ಈಗಲೂ ಕೂಡುವುದಿಲ್ಲ.

ಅವರು ಪಾಠ ಹೇಳಿದ ಹಳ್ಳಿಗೆ ಈಚೆಗೆ ಒಮ್ಮೆ ಹೋಗಿದ್ದೆ. ಶಾಲೆಯ ಬಳಿ ಶುದ್ಧ ಕುಡಿಯುವ ನೀರಿನ ಘಟಕವಿದೆ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಅದು ಕೆಟ್ಟು ಹದಿನೈದು ದಿನವಾಗಿತ್ತು. ಹೆಂಗಸರು ಹಳೆಯ ಕೊಳವೆ ಬಾವಿಯ ಮುಂದೆ ಕೊಡಗಳನ್ನು ಸಾಲಿಟ್ಟಿದ್ದರು. ತುಂಬಿದ ಕೊಡವನ್ನು ತಲೆಗೇರಿಸಿ ಒಬ್ಬ ಹುಡುಗಿ ಕತ್ತು ನೆಟ್ಟಗೆ ಮಾಡಿಕೊಂಡು ನನ್ನೆದುರಿಗೇ ಹಾದುಹೋದಳು.

ಕಳೆದ ಶ್ರಾವಣದಲ್ಲಿ ಮಾವನವರು ಮತ್ತೆ ಭಾರತ ವಾಚಿಸಿದರು. ದನಿ ಮೊದಲಿನ ಹಾಗೆಯೇ ಇತ್ತು. ತಲೆಯನ್ನು ಹಿಂದಿನಂತೆ ತೂಗಲಾಗದು; ಆದಕಾರಣ ಪುಸ್ತಕವನ್ನು ಎತ್ತರದ ವ್ಯಾಸಪೀಠದ ಮೇಲೆ ಕಣ್ಣಿನ ಮಟ್ಟಕ್ಕೆ ಇಟ್ಟಿದ್ದರು. ಹಾಳೆ ಮಗುಚುವುದಕ್ಕೆ ಮೊಮ್ಮಗಳು ಪಕ್ಕದಲ್ಲಿ ಕುಳಿತಿದ್ದಳು.